ಎರಡು ಹೊರೆ ಬಾಳೆ ಎಲೆ

ತಂಗಿಯ ಮದುವೆಗೆ ಬಾರದ ಗೆಳೆಯನನ್ನು ಬೈದೇ ತೀರಬೇಕೆಂದು ಹೊರಟಿದ್ದೆ. ಮದುವೆ ಮುಗಿದು ಹದಿನೈದು ದಿನವಾಗಿದ್ದರೂ ಸಿಟ್ಟು ಇಳಿದಿರಲಿಲ್ಲ. ಧಾರವಾಡದಲ್ಲಿ ಓದುವಾಗ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದವರು ನಾವು. ಅವನ ಅವ್ವ ಕಟ್ಟಿ ಕಳಿಸುತ್ತಿದ್ದ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅರ್ಧಪಾಲು ನನ್ನ ಹೊಟ್ಟೆಗೇ ಹೋಗುತ್ತಿತ್ತು. ಮಡಿ ಮೈಲಿಗೆಯ ನಮ್ಮ ಮನೆಯಲ್ಲಿ ಅದನ್ನು ಹೇಳುವ ಧೈರ್ಯ ಮಾತ್ರ ನನಗೆಂದೂ ಆಗಿರಲಿಲ್ಲ. ಅವನದು ಬಾಳೆ ತೋಟ. ಮದುವೆಗೆ ಎಲೆ ಬೇಕೆಂದು ಪತ್ರ ಹಾಕಿದ್ದೆ. ಎಲೆ ಬಂತು, ಅವನು ಬರಲಿಲ್ಲ. ಯಾರ ಕೈಯಲ್ಲೋ ಕಳಿಸಿ ಕೈತೊಳೆದುಕೊಂಡ ಎಂದುಕೊಂಡೆ. ಯಾರು ತಂದರೆಂದು ಕೇಳಲೂ ಇಲ್ಲ.

ಎಪ್ಪತ್ತರ ದಶಕದ ಕೊನೆ. ಹಾನಗಲ್ಲ ರಸ್ತೆಯಿಂದ ಒಳಗಿದ್ದ ಅವನ ಊರಿಗೆ ದಿನಕ್ಕೊಂದೇ ಬಸ್ಸು, ಅದೂ ತಪ್ಪಿತ್ತು. ನಮ್ಮೂರು ಶಿಗ್ಗಾವಿಯ ಬಸ್‌ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ, ಬಸ್ಸು ತಪ್ಪಿದವರನ್ನು ಬಾಡಿಗೆಗೆ ಒಯ್ಯುವ ಫಟಫಟಿ ಮೋಟಾರ್‌ಸೈಕಲ್ಲಿನವರೊಬ್ಬರು ಇರುತ್ತಿದ್ದರು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು; ಅವರಿಗೆ ನಾನು ಶಾಲೆಯ ಮಾಸ್ತರ. ಹಿಂದೆ ಹತ್ತಿ ಕುಳಿತೆ. ತಗ್ಗಿಗೊಮ್ಮೆ ಸೊಂಟ ಮುರಿಯುವ ಆ ಹಾದಿಯುದ್ದಕ್ಕೂ ಕಾಕಾನ ಕಿವಿಯಲ್ಲಿ ಗೆಳೆಯನನ್ನು ಬೈದೆ.

"ದೊಡ್ಡ ಮನಷಾ ಆಗ್ಯಾನ್ರಿ ಕಾಕಾ. ಎಲಿ ಕಳಿಸಿದ್ರ ಮುಗೀತು ಅಂತ ತಿಳಕೊಂಡಾನ."

ಕೆರೆಯ ಏರಿಯ ಮೇಲೆ ಕಾಕಾ ಗಾಡಿ ನಿಲ್ಲಿಸಿದರು. ಕೆಟ್ಟಿತೇನೋ ಅಂದುಕೊಂಡೆ.

"ಮಾಸ್ತರ್ರ, ಆ ಎಲಿ ಹೊರಿ ಇದ ಗಾಡಿ ಮ್ಯಾಲೆ ಬಂದಾವ್ರಿ. ನೀವು ಕುಂತಲ್ಲೇ ಅಂವ ಕುಂತಿದ್ದ, ಎರಡೂ ಹೊರಿ ತೊಡಿ ಮ್ಯಾಲೆ ಇಟಗೊಂಡು. ಎಲಿ ಹರೀತಾವ, ಸಾವಕಾಶ ಹೊಡೀರಿ ಅಂತ ಹಾದಿ ತುಂಬ ನನ್ನ ಜೀವಾ ತಿಂದಾನ."

"ಮತ್ತ ಒಳಗ ಯಾಕ ಬರಲಿಲ್ಲ?"

"ನಿಮ್ಮ ಅಪ್ಪಾರು ಎಲಿಗೆ ನೀರು ಚಿಮುಕಿಸಿ ಒಳಗ ತಗೊಂಡ್ರು. ಅವಗ, ಮಡಿ ಪಂಕ್ತಿ ಮುಗೀಲಿ, ಹಿತ್ತಲದಾಗ ಕುಂದ್ರು ಅಂದ್ರು. ಎರಡು ಪಂಕ್ತಿ ಎದ್ದುವ್ರಿ. ಯಾರೂ ಕರೀಲಿಲ್ಲ. ಕಾಕಾ, ನಡೀರಿ ಹೋಗೂಣು ಅಂದ. ಇಬ್ಬರೂ ಉಪಾಸ ಬಂದ್ವಿ."

ಆ ಎರಡೂ ಪಂಕ್ತಿಗೆ ಮಡಿ ಉಟ್ಟು ಬಡಿಸಿದವನು ನಾನು. ಅವನು ತಂದ ಎಲೆಗಳ ತುದಿಗೆ ಉಪ್ಪು ಇಡುತ್ತ ಹೋದವನು ನಾನು. ಹಿತ್ತಲ ಬಾಗಿಲು ಹತ್ತು ಹೆಜ್ಜೆ ದೂರವಿತ್ತು. ನಾಲ್ಕು ಹನಿ ನೀರಿಗೆ ಎಲೆ ಶುದ್ಧವಾಗುತ್ತದೆ, ಅದನ್ನು ಕೊಯ್ದು ತಂದವನು ಆಗುವುದಿಲ್ಲ. ಎಂಥ ಮಡಿ ಇದು! ಅಪ್ಪನ ಮೇಲೆ ಸಿಟ್ಟು ಬಂತು, ಅಪ್ಪನಿಗಿಂತ ನನ್ನ ಮೇಲೆ. ಅಪ್ಪ ಇರುವುದೇ ಹಾಗೆಂದು ನನಗೆ ಗೊತ್ತಿರಲಿಲ್ಲವೇ? ಎಲೆ ತಾ ಎಂದು ಬರೆದವನಿಗೆ, ಬಂದವನನ್ನು ಎಲ್ಲಿ ಉಣ್ಣಲು ಕೂಡಿಸಬೇಕೆಂದು ಹೊಳೆದಿರಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣ ನೋಡಿದವನು ನಾನೇ.

"ಹೊಳ್ಳಿ ಹೋಗೂಣೇನ್ರಿ?" ಕಾಕಾ ಕೇಳಿದರು.

"ಬ್ಯಾಡ. ನಡೀರಿ."

ಗೆಳೆಯ ಮನೆಯ ಮುಂದೆಯೇ ಇದ್ದ. ನನ್ನನ್ನು ನೋಡಿದ, ಕಾಕಾನನ್ನು ನೋಡಿದ, ನನಗೆ ಎಲ್ಲ ತಿಳಿದಿದೆಯೆಂದು ಅರ್ಥ ಮಾಡಿಕೊಂಡ. ನಾನು "ಹಸಿವ್ಯಾಗೇದ, ಊಟಕ್ಕ ಹಾಕು" ಎಂದೆ. ಅವನ ಅವ್ವ ಗಾಬರಿಯಾದಳು.

"ನಮ್ಮ ಮನ್ಯಾಗ ಉಂಡ್ರ ನಿಮ್ಮ ಮನ್ಯಾಗ ನಡೀತೈತೇನಪಾ?"

ನಾಲ್ಕು ವರ್ಷ ಅವಳ ರೊಟ್ಟಿ ತಿಂದವನಿಗೆ ಈ ಪ್ರಶ್ನೆ. ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನ್ನಿಸಿತು. ಗೆಳೆಯ ಹಿತ್ತಲಿಗೆ ಹೋಗಿ ಮೂರು ಎಲೆ ಕೊಯ್ದು ತಂದ. ನಾನು, ಕಾಕಾ, ಅವನು ಪಡಸಾಲೆಯಲ್ಲಿ ಸಾಲಾಗಿ ಕುಳಿತೆವು. ಅವನು ಬೈಯಲೆಂದು ಕಾಯುತ್ತಿದ್ದೆ. ಬಾಯ್ತುಂಬ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವನು ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಕೇಳಿದ:

"ಎಲಿ ಸಾಕಾದುವೇನಲೇ?"

ಹತ್ತು ಹನ್ನೆರಡು ಎಲೆ ಉಳಿದಿದ್ದವು. ಮರುದಿನ ಅವನ್ನು ಆಕಳಿಗೆ ಹಾಕಿದವನೂ ನಾನೇ.

"ಸಾಕಾದುವು" ಎಂದೆ.