ಮೊಮ್ಮಗಳು ಉಚ್ಚೆ ಹುಯ್ದ ಸಂತೋಷ

ನನ್ನ ಮೊಮ್ಮಗಳು ಉಚ್ಚೆ ಹುಯ್ದಳು! ಅದೂ ನನ್ನ ಮಡಿಲಲ್ಲೇ. ನಂಜನಗೂಡಿನ ಆಸ್ಪತ್ರೆ ವರಾಂಡದಲ್ಲಿ ಕೂತು "ಉಯ್ದ್ಲು ಕಣ್ರಪ್ಪೋ, ಉಯ್ದ್ಲು!" ಅಂತ ನಾನು ಕೂಗಿದ ರಭಸಕ್ಕೆ, ಕೈಗೆ ಕಟ್ಟು ಹಾಕಿಸಿಕೊಂಡು ಕೂತಿದ್ದ ಯಾರೋ ಯಜಮಾನರು ಎದ್ದೇ ನಿಂತುಬಿಟ್ಟರು.

ತೊಂಬತ್ತರ ದಶಕದ ಮಾತು. ಮಗುವಿಗೆ ಒಂದೂವರೆ ವರ್ಷ. ನರಸೀಪುರದ ಸಂಗಮದಿಂದ ಒಂದು ಬಾಟ್ಲಿ ನೀರು ತಂದು ದೇವರ ಗೂಡಲ್ಲಿ ಇಟ್ಟಿದ್ದೆ. ಎಷ್ಟು ದಿನವಾಗಿತ್ತೋ ಆ ದೇವರಿಗೇ ಗೊತ್ತು. ಸೊಸೆ ಮಗುವಿಗೆ ಕಾಯಿಸಿ ಆರಿಸಿದ ನೀರು ಬಿಟ್ಟು ಬೇರೆ ಕೊಡುತ್ತಿರಲಿಲ್ಲ. ತೀರ್ಥವನ್ನ ಯಾರಾದರೂ ಕಾಯಿಸುತ್ತಾರಾ? ಅವಳ ಕಣ್ಣು ತಪ್ಪಿಸಿ ಎರಡು ಚಮಚ ಕುಡಿಸಿದೆ.

ಮಾರನೇ ದಿನ ವಾಂತಿ, ಭೇದಿ. ಬಟ್ಟೆ ಹರವೋಕೆ ಹಗ್ಗ ಸಾಲದಾಯಿತು. ದೃಷ್ಟಿ ತೆಗೆದೆ, ಜಗ್ಗಲಿಲ್ಲ. ಮೇಲಿಂದ ಹಾಕಿದರೆ ತಾನೇ ಕೆಳಗೆ ಹೋಗೋದು ಅಂತ ನೀರನ್ನೇ ನಿಲ್ಲಿಸಿದೆ. ಮಧ್ಯಾಹ್ನಕ್ಕೆ ಮಗುವಿನ ಕಣ್ಣು ಗುಳಿ ಬಿತ್ತು, ನಾಲಿಗೆ ಒಣಗಿತು. ಅತ್ತರೆ ಕಣ್ಣೀರಿಲ್ಲ, ಬೆಳಗಿಂದ ಉಚ್ಚೆಯೂ ಇಲ್ಲ. ಸೊಸೆ ಮಗುವನ್ನ ಎತ್ತಿಕೊಂಡು ನಮ್ಮೂರು ಹೆಡತಲೆಯಲ್ಲಿ ನಂಜನಗೂಡಿನ ಬಸ್ಸು ಹತ್ತಿದಳು. ನಾನೂ ಹಿಂದೆ ಓಡಿದೆ.

ನರ್ಸಮ್ಮ ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು. ಅದು ಸರಕ್ಕನೆ ಕೆಳಗಿಳಿಯಲಿಲ್ಲ.

"ನೀರು ಕುಡಿಸಿಲ್ವಾ ಅಜ್ಜಿ?"

"ನಿಲ್ಸಿದ್ದೀನಿ ಕಣವ್ವ, ಭೇದಿ ನಿಲ್ಲಲಿ ಅಂತ."

"ಪೈರು ಬಾಡ್ತಿದ್ರೂ ಹಿಂಗೇ ನೀರು ನಿಲ್ಲಿಸ್ತೀರಾ?"

ಡಾಕ್ಟರು ಏನು ಕುಡಿಸಿದ್ದಿರಿ ಅಂದರು. ಸೊಸೆಯ ಮುಖ ನೋಡಲಾರದೆ ತೀರ್ಥದ ವಿಷಯ ಒಪ್ಪಿಕೊಂಡೆ.

"ನೀರು ದೇವರದ್ದೇ ಅಜ್ಜಿ. ಅದರೊಳಗಿನ ಕ್ರಿಮಿಗೆ ದೇವರ ಭಯ ಇಲ್ವಲ್ಲ!"

ಭೇದಿಗೆ ಕೊಡುವ ಓಆರ್‌ಎಸ್ ಪುಡಿ ಒಂದು ಪೊಟ್ಟಣವನ್ನ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಕಲಸಿ ಕೊಟ್ಟರು. ಚಮಚ ಚಮಚವಾಗಿ ಕುಡಿಸಬೇಕು, ವಾಂತಿಯಾದರೆ ಸ್ವಲ್ಪ ತಡೆದು ಮತ್ತೆ ಕುಡಿಸಬೇಕು. ಉಚ್ಚೆ ಬಂದರೆ ಬಚಾವು, ಇಲ್ಲದಿದ್ದರೆ ಡ್ರಿಪ್ಪು. ಆ ಎಳೇ ಕೈಗೆ ಸೂಜಿಯಾ? ಚಮಚ ಹಿಡಿದು ಕೂತೆ. ಸೊಂಟ ಹಿಡಿಯಿತು, ಬಿಡಲಿಲ್ಲ. ಮೂರು ಗಂಟೆ ಕಳೆದ ಮೇಲೆ ನನ್ನ ಮಡಿಲು ಬೆಚ್ಚಗಾಯಿತು ನೋಡಿ!

ಸೋಪು ಹಾಕಿ ಕೈ ತೊಳೆದೇ ತಿನ್ನಿಸಿ ಅಂತ ಹೇಳಿ ಡಾಕ್ಟರು ಮನೆಗೆ ಕಳಿಸಿದರು. ಸಂಜೆ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಮಗು ಮೆತ್ತನ್ನ ಮೊಸರನ್ನಕ್ಕೆ ಬಾಯಿ ತೆರೆಯಿತು.

"ಲೇ, ಕೈ ತೊಳ್ದ್ಯಾ?" ಅಂದರು ನಮ್ಮ ಯಜಮಾನರು.

"ಎರಡು ಸಲ ಸೋಪ್ ಆಕಿ ತೊಳ್ದಿವ್ನಿ!"

ಬಸ್ಸಿನಲ್ಲೂ ನನ್ನ ಜೊತೆ ಮಾತಾಡದಿದ್ದ ಸೊಸೆ ಅನ್ನದ ಬಟ್ಟಲನ್ನ ನನ್ನ ಕಡೆ ಸರಿಸಿದಳು.

"ಇನ್ನೊಂದು ತುತ್ತು ನೀವೇ ತಿನ್ನಿಸಿ ಅತ್ತೆ, ಬಾಯಿ ತೆಗೀತಾ ಇದಾಳೆ."