ಪಕ್ಕದ ಹಾಸಿಗೆಯವನ ಗಡ್ಡೆ ಕರಗಿತು

"ಗಡ್ಡೆ ಅರ್ಧಕ್ಕಿಂತ ಹೆಚ್ಚು ಕರಗಿದೆ" ಎಂದು ಡಾಕ್ಟರು ಪಕ್ಕದ ಹಾಸಿಗೆಯ ಶ್ರೀನುಗೆ ಹೇಳಿದಾಗ ನಾನು ಗೋಡೆಯ ಕಡೆ ಹೊರಳಿ ಮಲಗಿದೆ. ಅದು ತೊಂಬತ್ತರ ದಶಕ. ಬ್ಯಾಂಕಿನ ವರ್ಗಾವಣೆಯ ಮೇಲೆ ವಿಶಾಖಪಟ್ನಂಗೆ ಬಂದಿದ್ದ ನನಗೂ ಹತ್ತಿರದ ದುವ್ವಾಡ ಊರಿನ ಆ ಹುಡುಗನಿಗೂ ವೃಷಣದ ಕ್ಯಾನ್ಸರ್ ಮರುಕಳಿಸಿತ್ತು. ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಇಬ್ಬರೂ ಒಪ್ಪಿದ್ದೆವು. ಅದೇ ಔಷಧಿ, ಅದೇ ವಾಂತಿ. ನನ್ನ ಗಡ್ಡೆ ಮಾತ್ರ ಕದಲಿರಲಿಲ್ಲ. ಅವನು ಇಡ್ಲಿ ತಿನ್ನುವುದನ್ನು ಕಂಡರೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಆ ಸಂಜೆ ಹೆಂಡತಿ ನಮ್ಮ ಪುಟ್ಟ ಮಗಳನ್ನು ಕರೆತಂದಳು. ಮಗು ನನ್ನ ಬೋಳು ತಲೆ ಸವರಿ ಕಿಲಕಿಲ ನಕ್ಕಿತು. ಅವರು ಹೋದ ಮೇಲೆ ಶ್ರೀನು, ತಾಯಿಯಿಂದ ಕಲಿತ ತೆಲುಗು ಬೆರೆತ ಕನ್ನಡದಲ್ಲಿ, ಮೆಲ್ಲಗೆ ಅಂದ: "ಅಣ್ಣಾ, ನಿಮ್ಮನ್ನ ನೋಡಿದ್ರೆ ನಂಗೆ ಅಸೂಯೆ ಆಗ್ತದಂಡಿ. ನಾನು ಬದುಕಿದ್ರೂ ಮಕ್ಕಳಾಗೋದು ಕಷ್ಟ ಅಂದಿದಾರೆ. ಅದು ಕೇಳಿ ಹುಡುಗಿ ಮನೆಯವರು ಮದುವೆ ಬೇಡ ಅಂದ್ಬಿಟ್ರು."

ನಾನು ಅವನ ಕಡೆಗೆ ಹೊರಳಿ ಮಲಗಿದೆ.

ಅವನು ಗುಣವಾಗಿ ಊರಿಗೆ ಹೋದ. ನನಗೆ ಆಮೇಲೆ ಬೇರೆ ಔಷಧಿ ಹಿಡಿಯಿತು, ಬದುಕಿಕೊಂಡೆ. ಎಷ್ಟೋ ವರ್ಷ, ಮಗಳು ಕೊರಳಿಗೆ ಜೋತುಬಿದ್ದಾಗಲೆಲ್ಲ, ಯಾರಾದರೂ ನೋಡುತ್ತಿದ್ದಾರೇನೋ ಎಂದು ನನ್ನ ಕಣ್ಣು ಪಕ್ಕಕ್ಕೆ ಹೋಗುತ್ತಿತ್ತು.