ದೊಡ್ಡಪ್ಪ ಕುಡಿಯದ ಔಷಧಿ

ಒಬ್ಬರಿಗೆ ಕೊಟ್ಟ ಔಷಧಿಯನ್ನು ನಿಮ್ಮ ಮನೆಯಲ್ಲಿ ಇನ್ನೊಬ್ಬರು ಕುಡಿದದ್ದಿದೆಯೇ? ನಾಚಿಕೆ ಬಿಟ್ಟು ಹೇಳಿ. ನಾನಂತೂ ಕಂಡಿದ್ದೇನೆ.

ಮೊನ್ನೆ ಅಮ್ಮನ ಹಳೆಯ ಹರಳೆಣ್ಣೆ ಸೀಸೆ ಕೈಗೆ ಸಿಕ್ಕಿತು. ದಪ್ಪ ಗಾಜು, ಪಕ್ಕದಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿದ ಕಾಗದದ ಪಟ್ಟಿ. ಒಂದು ಹಲ್ಲು ಅಂದರೆ ಒಂದು ಹೊತ್ತಿನ ಔಷಧಿ. ಎಣ್ಣೆ ತುಂಬುವ ಮೊದಲು ಅದು ಪಕ್ಕದ ಮನೆ ದೊಡ್ಡಪ್ಪನ ಸೀಸೆ...

ಐವತ್ತರ ದಶಕದ ಮಾತು. ವೀರನಹೊಸಹಳ್ಳಿ ಪಕ್ಕದ ನಮ್ಮೂರಲ್ಲಿ ದೊಡ್ಡಪ್ಪ, ದೊಡ್ಡವ್ವ ಇಬ್ಬರಿಗೂ ದಮ್ಮು. ರಕ್ತಸಂಬಂಧವಲ್ಲ, ನಾವು ಕರೆಯುತ್ತಿದ್ದದ್ದು ಹಾಗೆ. ಮಲಗಿದರೆ ಉಸಿರು ಕಟ್ಟುತ್ತದೆಂದು ದೊಡ್ಡವ್ವ ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು. ಆಗ ಹುಣಸೂರಿಗೆ ಹೊರಗಿನ ಡಾಕ್ಟರೊಬ್ಬರು ಬಂದರು. ದಮ್ಮಿಗೆ ಹೊಸ ಔಷಧಿ ಇದೆ, ಗುಣ ಕೊಡುತ್ತದೋ ಇಲ್ಲವೋ ನೋಡಬೇಕು, ವಯಸ್ಸಾದವರು ಬೇಕು ಎಂದು ಊರೂರಿಗೆ ಹೇಳಿಸಿದರು.

ಯಾರು ಹೋಗುತ್ತಾರೆ? ಮಕ್ಕಳಿದ್ದವರನ್ನು ಮಕ್ಕಳು ಬಿಡಲಿಲ್ಲ. ಮಿಕ್ಕವರು ನಮ್ಮ ಜಗಲಿಯಲ್ಲಿ ಕೂತು ನಕ್ಕರು.

"ಮೊದ್ಲು ಇಲಿಗೆ ಕುಡ್ಸಿ ನೋಡ್ಲಿ ಕಣ್ಲಾ" ಎಂದನೊಬ್ಬ.

"ಇಲಿಗೆ ದಮ್ಮು ಬತ್ತದೇನ್ಲಾ?" ಎಂದು ದೊಡ್ಡಪ್ಪ ಎದ್ದು ಹೋದ.

ಮಾರನೆಯ ದಿನ ಹೆಂಡತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದ. ಡಾಕ್ಟರು ಅವಳನ್ನು ಒಲ್ಲೆ ಎಂದರು. ಇಷ್ಟು ನಿತ್ರಾಣವಾದವರಿಗೆ ಕೊಡುವಂತಿಲ್ಲ, ನಡೆದು ಬರುವವರೇ ಬೇಕು. ಅವನನ್ನು ಸೇರಿಸಿಕೊಂಡರು.

ಸಂತೆ ಸಂತೆಗೂ ಹೋಗಿ ಸೀಸೆ ತುಂಬಿಸಿಕೊಂಡು ಬಂದ. ಒಂದು ತೊಟ್ಟೂ ತಾನು ಮುಟ್ಟಲಿಲ್ಲ, ಎಲ್ಲ ದೊಡ್ಡವ್ವನಿಗೆ. ಅಮ್ಮ ಬೈದಳು.

"ಅವ್ಳು ಉಸ್ರಿಗೆ ಒದ್ದಾಡ್ತಾವ್ಳೆ, ನಾನು ಎದುರ್ಗೆ ಕೂತ್ಕಂಡು ಗುಟುಕರಿಸ್ಲವ್ವಾ?" ಎಂದ.

ದೊಡ್ಡವ್ವ ಮಲಗಿ ನಿದ್ದೆ ಮಾಡತೊಡಗಿದಳು. ಒಂದು ಬೆಳಗ್ಗೆ ಅಂಗಳಕ್ಕೆ ತಾನೇ ಸಗಣಿ ನೀರು ಹಾಕಿದಳು. "ನೋಡವ್ವ, ನಮ್ಮನೆ ಮದ್ವಣಗಿತ್ತಿ" ಎಂದು ದೊಡ್ಡಪ್ಪ ರೇಗಿಸಿದ. ನಗುವಾಗ ಅವನಿಗೇ ಕೆಮ್ಮು ಹತ್ತಿತು.

ಆದರೆ ಡಾಕ್ಟರು ನೋಡುತ್ತಿದ್ದದ್ದು ಅವನ ಎದೆಯನ್ನು. ಪ್ರತಿ ಸಲವೂ ಅದೇ ಸುಯ್ ಸುಯ್. ಬಾಗಿಲಾಚೆಯೇ ಕೆಮ್ಮಿ ಮುಗಿಸಿ, ಉಸಿರು ಬಿಗಿಹಿಡಿದು ಒಳಗೆ ಹೋಗಿ ಕೂರುತ್ತಿದ್ದನಂತೆ. ಎಷ್ಟು ದಿನ ನಡೆದೀತು? ನಿಮಗೆ ಈ ಔಷಧಿ ಹಿಡಿಯಲಿಲ್ಲ, ನಿಲ್ಲಿಸೋಣ ಎಂದರು. ದೊಡ್ಡಪ್ಪ ನಿಜ ಹೇಳಿ ಕಾಲು ಹಿಡಿದ. ಡಾಕ್ಟರು ಅವನನ್ನು ಎಬ್ಬಿಸಿ, "ನಾವು ನೋಡ್ತಿದ್ದದ್ದು ನಿಮ್ಮನ್ನ ಯಜಮಾನ್ರೇ. ಅವರಿಗೆ ಕೊಡೋ ಅಧಿಕಾರ ನನಗಿಲ್ಲ" ಎಂದರಂತೆ. ಇದನ್ನೆಲ್ಲ ಅವನೇ ಅಪ್ಪನಿಗೆ ಹೇಳಿದ್ದು, ಖಾಲಿ ಸೀಸೆ ತೊಡೆಯ ಮೇಲಿಟ್ಟುಕೊಂಡು.

ದೊಡ್ಡವ್ವ ಮತ್ತೆ ಗೋಡೆಗೆ ಒರಗಿದಳು. ಆ ಮಾಗಿ ಚಳಿ ದಾಟಲಿಲ್ಲ.

ಮುಂದಿನ ವರ್ಷ ಅದೇ ಡಾಕ್ಟರು ಜೀಪಿನಲ್ಲಿ ಊರಿಗೇ ಬಂದರು. ಇನ್ನೊಂದು ಔಷಧಿಯಂತೆ. ಈ ಸಲ ಹಾಸಿಗೆ ಹಿಡಿದವರೂ ಆಗಬಹುದಂತೆ... ಅಮ್ಮ ದೊಡ್ಡಪ್ಪನಿಗೆ ಹೇಳಿದಳು, "ಓಗಿ ಬಾವ, ಈ ದಪ ನೀವೇ ಕುಡೀರಿ."

ಅವನು ಸೀಸೆ ತಂದು ಅವಳ ಕೈಗಿಟ್ಟ. "ಎಣ್ಣೆಗಿಣ್ಣೆ ಹಾಕ್ಕಳವ್ವ. ನಾನಿನ್ಯಾರಿಗೆ ತರ್ಲಿ?"

ಅವನೂ ಬಹಳ ಕಾಲ ಉಳಿಯಲಿಲ್ಲ. ಮೊನ್ನೆ ಸೀಸೆ ತೊಳೆಯುವಾಗ ಕಾಗದದ ಹಲ್ಲುಗಳು ನೀರಿನಲ್ಲಿ ಕಳಚಿ ಬಂದವು. ಒತ್ತಿ ಹಿಡಿದರೂ ನಿಲ್ಲಲಿಲ್ಲ. ನಿಮ್ಮವರಲ್ಲಿ ಹೀಗೆ ಯಾರು ಯಾರಿಗಾಗಿ ಕಾಯಿಲೆ ಇಟ್ಟುಕೊಂಡೇ ಹೋದರು? ಕೆಳಗೆ ಬರೆಯಿರಿ, ಓದುತ್ತೇನೆ.